ಸಾಸಿವೆಯ ಕುಲ

ಸಾಸಿವೆಗೆ ಜಾತಿ ಪ್ರಮಾಣಪತ್ರ ಬೇಕಾದರೆ ನಾಡಕಚೇರಿಗೆ ಹೋಗಬೇಕು ಎಂದು ಸಾಗರದ ಒಂದು ಕಚೇರಿಯ ಗುಮಾಸ್ತ ಹೇಳಿದಾಗ ಮನೋರಮಾಗೆ ಮೊದಲು ನಗು ಬಂತು. ಆತ ತಮಾಷೆ ಮಾಡುತ್ತಿಲ್ಲ ಎಂದು ಗೊತ್ತಾದ ಮೇಲೆ ಮೈಯೆಲ್ಲ ಉರಿಯಿತು.

“ಜಾತಿ ಪತ್ರ ಯಾರು ಕೇಳಿದ್ರು? ಅರ್ಜಿ ಸರಿಯಾಗಿ ಓದಿ,” ಎಂದಳು.

ಗುಮಾಸ್ತ ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿಯೇ ಓದಿದ. ‘ನಮ್ಮ ಉಪ್ಪಿನಕಾಯಿಗೆ ಬಳಸಿರುವ ಸಾಸಿವೆ ಕುಲಾಂತರಿಯಲ್ಲವೆಂದು ದೃಢೀಕರಿಸಿ ಕೊಡಬೇಕಾಗಿ ವಿನಂತಿ.’

“ಕುಲ ಅಂತ ಇದೆಯಲ್ಲಮ್ಮ. ಕುಲ, ಜಾತಿ, ಆದಾಯ ಎಲ್ಲ ನಾಡಕಚೇರಿಯವರು ನೋಡೋದು. ಅಂತರ್ಜಾತಿ ಮದುವೆ ಆಗಿದ್ರೆ ಅದಕ್ಕೆ ಬೇರೆ ಅರ್ಜಿ.”

“ಮದುವೆ ಅಲ್ಲ ಸ್ವಾಮಿ, ಸಾಸಿವೆ!”

“ಅದೇ. ಸಾಸಿವೆ ಯಾರ ಹೆಸರಲ್ಲಿದೆ?”

ಇನ್ನೊಂದು ಮಾತಾಡಿದರೆ ಬಾಯಿಗೆ ಬಂದದ್ದು ಅಂದುಬಿಡುತ್ತೇನೆ ಎನಿಸಿ ಮನೋರಮಾ ಅರ್ಜಿಯನ್ನು ಅವನ ಕೈಯಿಂದ ಕಿತ್ತುಕೊಂಡು ಹೊರಗೆ ಬಂದಳು. ಬಸ್‌ಸ್ಟ್ಯಾಂಡಿನವರೆಗೂ ಒಬ್ಬಳೇ ಗೊಣಗಿಕೊಂಡು ನಡೆದಳು.

ಕುಲಾಂತರಿ ಎಂಬ ಮಾತನ್ನು ಯಾವ ಪುಣ್ಯಾತ್ಮ ಹುಟ್ಟಿಸಿದನೋ. ಬೆಳೆಯ ಬೀಜದೊಳಕ್ಕೆ ಬೇರೆ ಯಾವುದೋ ಜೀವಿಯ ಗುಣವನ್ನು ಪ್ರಯೋಗಾಲಯದಲ್ಲಿ ಸೇರಿಸಿದರೆ ಅದು ಕುಲಾಂತರಿ. ಈ ಬೇಸಗೆಯವರೆಗೆ ಮನೋರಮಾಗೂ ಅದು ಗೊತ್ತಿರಲಿಲ್ಲ. ಗೊತ್ತಾಗುವ ಅಗತ್ಯವೂ ಬಿದ್ದಿರಲಿಲ್ಲ. ಮಂಗಳೂರಿನ ಕೃಷ್ಣಪ್ರಸಾದ್ ಎಂಬ ರಫ್ತು ವ್ಯಾಪಾರಿ ಅವಳ ಉಪ್ಪಿನಕಾಯಿಯನ್ನು ಯುರೋಪಿಗೆ ಕಳಿಸುತ್ತೇನೆ ಎಂದು ಮುಂದೆ ಬಂದ. ಆರ್ಡರು ಕೊಟ್ಟ. ಮಾವಿನ ಮಿಡಿ ಕೊಯ್ದಾಯಿತು, ಉಪ್ಪಿಗೆ ಹಾಕಿಯಾಯಿತು, ಸಾಸಿವೆ ಅರೆದು ಖಾರ ಬೆರೆಸಿ ಡ್ರಮ್ಮು ತುಂಬಿಯಾಯಿತು. ಎಲ್ಲ ಮುಗಿದ ಮೇಲೆ ಅವನು ಫೋನು ಮಾಡಿ, “ಒಂದು ಸಣ್ಣ ಪೇಪರ್ ಬೇಕಿತ್ತು ಮೇಡಂ. ಅಲ್ಲಿಯವರು ಸಾಸಿವೆ ಬಗ್ಗೆ ಕೇಳ್ತಾ ಇದ್ದಾರೆ,” ಎಂದ. ಆ ಸಣ್ಣ ಪೇಪರಿನ ಹಿಂದೆ ಅವಳು ಅಂದಿನಿಂದ ಅಲೆಯುತ್ತಿದ್ದಾಳೆ.

ಅವಳ ಮನೆ ಇರುವುದು ಹೊಸನಗರ ತಾಲ್ಲೂಕಿನಲ್ಲಿ, ರಿಪ್ಪನ್‌ಪೇಟೆಯಿಂದ ಸ್ವಲ್ಪ ಒಳಕ್ಕೆ. ನಿಂತುಹೋಗಿದ್ದ ಅಕ್ಕಿ ಗಿರಣಿಯ ಕಟ್ಟಡಕ್ಕೆ ಸುಣ್ಣ ಬಳಿಸಿ ಅಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಮಾಡುತ್ತಾಳೆ. ಜೊತೆಗೆ ಊರಿನ ಕೆಲವು ಹೆಂಗಸರು, ಅವರಲ್ಲಿ ಮುಂದಾಳು ರಂಗಮ್ಮ. ರಂಗಮ್ಮನ ಮಾವನವರು ಒಂದು ಕಾಲದಲ್ಲಿ ಮನೋರಮಾಳ ಗಂಡನ ಮನೆಯ ಗೇಣಿದಾರರು. ಈಗ ಆ ಗದ್ದೆ ಅವರದೇ, ಗದ್ದೆಯಂಚಿನ ಹಳ್ಳದ ದಂಡೆಯಲ್ಲಿರುವ ಅಪ್ಪೆಮರವೂ ಅವರದೇ. ಆ ಮರದ ಮಿಡಿ ಮುರಿದರೆ ಜೀರಿಗೆಯ ಪರಿಮಳ ಕೈಬಿಟ್ಟು ಹೋಗುವುದಿಲ್ಲ. ಮರ ಹೂ ಬಿಡುವಾಗಲೇ ರಿಪ್ಪನ್‌ಪೇಟೆಯ ವ್ಯಾಪಾರಿಗಳು ಬಂದು ಮಾತು ಶುರು ಮಾಡುತ್ತಾರೆ. ಈ ವರ್ಷ ರಂಗಮ್ಮ ಅವರನ್ನೆಲ್ಲ ಅಂಗಳದಿಂದಲೇ ವಾಪಸು ಕಳಿಸಿದ್ದಳು.

“ಮನೋರಮಕ್ಕ ಫಾರಿನ್ನಿಗೆ ಕಳಿಸ್ತಾರಂತೆ. ನಮ್ಮ ಮಿಡಿ ಎಲ್ಲ ಅವ್ರಿಗೇ. ನೀವು ಬೇರೆ ಮರ ನೋಡ್ಕಳಿ,” ಎಂದಿದ್ದಳು.

ಡ್ರಮ್ಮು ಹೊರಟ ಮೇಲೆ ಎಲ್ಲರ ಪಾಲು ಎಂದು ಮಾತಾಗಿತ್ತು. ಮಾತು ಕೊಟ್ಟವಳು ಮನೋರಮಾ. ಡ್ರಮ್ಮು ಹೊರಡದಿದ್ದರೆ ರಂಗಮ್ಮನ ಒಂದು ವರ್ಷದ ಮರ ಹೋಯಿತು, ಮನೋರಮಾಳ ಮಾತೂ ಹೋಯಿತು. ಆ ನೀಲಿ ಡ್ರಮ್ಮುಗಳು ಸುಣ್ಣ ಬಳಿದ ಗೋಡೆಗೆ ಒರಗಿ ಸಾಲಾಗಿ ಕೂತಿದ್ದವು.

ಸಾಗರದಿಂದ ಬಂದವಳನ್ನು ಗಂಡ ಗಣೇಶಮೂರ್ತಿ ಕಟ್ಟೆಯ ಮೇಲೆ ಕೂತೇ ವಿಚಾರಿಸಿದ.

“ಎಂತ ಆತು? ಪತ್ರ ಸಿಕ್ತಾ?”

“ಎಲ್ಲಿ ಸಿಗ್ತು? ಸಾಸಿವೆಗೆ ಜಾತಿ ಪತ್ರ ಮಾಡ್ಸವಡ.”

“ಗೋತ್ರ ಕೇಳಿದ್ವಿಲ್ಯಾ?”

ಅವನಿಗೆ ಎಲ್ಲದರಲ್ಲೂ ತಮಾಷೆ. ಆದರೂ ಮರುದಿನ ಅವನೇ ತೀರ್ಥಹಳ್ಳಿ ಕಡೆ ಪರಿಚಯದ ಕೃಷಿ ಅಧಿಕಾರಿಯೊಬ್ಬರ ಹತ್ತಿರ ಬೈಕಿನಲ್ಲಿ ಕರೆದುಕೊಂಡು ಹೋದ. ಅಧಿಕಾರಿ ಒಳ್ಳೆಯ ಮನುಷ್ಯ. ಕೂರಿಸಿದರು, ಕುಲಾಂತರಿ ಎಂದರೇನೆಂದು ಅವರಿಗೆ ಗೊತ್ತಿತ್ತು. ಅಷ್ಟಕ್ಕೇ ಮನೋರಮಾಗೆ ಅರ್ಧ ಕೆಲಸ ಆದಷ್ಟು ಸಮಾಧಾನವಾಯಿತು.

“ಮೇಡಂ, ನಮ್ಮ ದೇಶದಲ್ಲಿ ಬೆಳೆಯೋಕೆ ಬಿಟ್ಟಿರೋ ಕುಲಾಂತರಿ ಬೆಳೆ ಅಂದ್ರೆ ಹತ್ತಿ ಒಂದೇ. ಸಾಸಿವೆ ವಿಷಯ ಕೋರ್ಟಲ್ಲಿದೆ. ಮಾರಾಟಕ್ಕೇ ಬಂದಿಲ್ಲ. ನಿಮ್ಮ ಸಾಸಿವೆ ಕುಲಾಂತರಿ ಆಗಿರೋಕೆ ಸಾಧ್ಯನೇ ಇಲ್ಲ.”

“ದೇವರ ದಯ. ಅದನ್ನೇ ಒಂದು ಸಾಲು ಬರ್ದು ಕೊಡಿ.”

“ಅದು ಹೇಗೆ ಬರೆಯೋದು? ಇಲ್ಲದೇ ಇರೋದನ್ನ ಇಲ್ಲ ಅಂತ ಬರೆಯೋಕೆ ನಮಗೆ ಅಧಿಕಾರ ಇಲ್ಲ. ಇದ್ದಿದ್ರೆ ಪರೀಕ್ಷೆ ಮಾಡಿಸ್ಬಹುದಿತ್ತು.”

“ಹಾಗಾದ್ರೆ ಕುಲಾಂತರಿ ಸಾಸಿವೆ ಊರಿಗೆ ಬಂದ ಮೇಲೆ ಬರ್ಲಾ ನಾನು?”

ಅಧಿಕಾರಿ ನಕ್ಕರು. ನಕ್ಕು, ಹೊಲದಲ್ಲಿ ಇರುವವರೆಗೆ ಅದು ತಮ್ಮ ಇಲಾಖೆ, ಡಬ್ಬಿಗೆ ಬಂದ ಮೇಲೆ ಆಹಾರ ಇಲಾಖೆ, ಅಲ್ಲಿ ಕೇಳಿ ಎಂದರು. ಆಹಾರ ಇಲಾಖೆಗೆ ಫೋನು ಮಾಡಿದರೆ, ಬೀಜದ ಗುಣ ಹೇಳಬೇಕಾದವರು ಕೃಷಿಯವರು ಎಂದರು. ಸಾಸಿವೆ ಅಷ್ಟು ಸಣ್ಣ ಕಾಳು, ಇವರೆಲ್ಲ ಅದನ್ನು ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟಿಸುತ್ತ ಕೂತಿದ್ದರು. ಬೈಕಿನ ಹಿಂದೆ ಕೂತು ಮನೆಗೆ ಬರುವಾಗ ದಾರಿಯುದ್ದಕ್ಕೂ ಅವಳು ಗಂಡನ ಕಿವಿಯಲ್ಲಿ ಸರಕಾರವನ್ನು ಬೈದಳು. ಗಂಡನ ಸ್ನೇಹಿತರನ್ನೂ ಸೇರಿಸಿ ಬೈದಳು.

ಕೊನೆಗೆ ಕೃಷ್ಣಪ್ರಸಾದನೇ ಬೆಂಗಳೂರಿನ ಒಂದು ಖಾಸಗಿ ಲ್ಯಾಬಿನ ವಿಳಾಸ ಕೊಟ್ಟ. ಉಪ್ಪಿನಕಾಯಿಯನ್ನು ಅವರು ಪರೀಕ್ಷೆಗೆ ತೆಗೆದುಕೊಳ್ಳುವುದಿಲ್ಲವಂತೆ, ಉಪ್ಪು ಹುಳಿಯಲ್ಲಿ ನೆನೆದದ್ದರಲ್ಲಿ ಏನೂ ಸರಿಯಾಗಿ ಕಾಣುವುದಿಲ್ಲವಂತೆ. ಅದೇ ಮೂಟೆಯ ಹಸಿ ಸಾಸಿವೆ ಕಳಿಸಿದರೆ ಸಾಕು. ಚೊಕ್ಕವಾದ ಚೀಲದಲ್ಲಿ ಹಾಕಿ, ಚೆಲ್ಲದಂತೆ ಹೊಲಿದು ಕಳಿಸಿ ಎಂದ.

ಚೊಕ್ಕ ಎಂಬುದನ್ನು ಮನೋರಮಾಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳ ಉಪ್ಪಿನಕಾಯಿಗೆ ಹೆಸರು ಬಂದದ್ದೇ ಮಡಿಯಿಂದ. ಅತ್ತೆಯಿಂದ ಕಲಿತ ಮಡಿ, ಆದರೆ ದೇವರ ಕೋಣೆಯದಲ್ಲ. ಮಿಡಿಗೆ ಒಂದು ಹನಿ ಹಸಿನೀರು ಬಿದ್ದರೂ ಬೂಸಲು ಬರುತ್ತದೆ. ಆದ್ದರಿಂದ ಸೌಟು, ಭರಣಿ, ಬಟ್ಟೆ, ಕೈ ಎಲ್ಲ ತೊಳೆದು, ಬಿಸಿಲಿಗೆ ಒಣಗಿಸಿ, ಬೇರೆ ಯಾರೂ ಮುಟ್ಟದಂತೆ ಇಟ್ಟಿರಬೇಕು. ತೊಳೆದದ್ದು, ಒಣಗಿದ್ದು, ಮುಟ್ಟದ್ದು, ಇಷ್ಟಾದರೆ ಮಡಿ. ಗಿರಣಿಯ ಹೊಸಿಲು ದಾಟುವ ಹೆಂಗಸರೆಲ್ಲ ಇದನ್ನು ಅವಳಿಂದ ಬೈಸಿಕೊಂಡೇ ಕಲಿತಿದ್ದರು. ರಂಗಮ್ಮನಂತೂ ಈಗ ಮನೋರಮಾಗಿಂತ ಜೋರು.

ಸಾಸಿವೆಯ ಚೀಲಕ್ಕೂ ಅದೇ ಮಡಿ ನಡೆಯಿತು. ಕೊಟ್ಟಿಗೆಯ ಅಟ್ಟದಲ್ಲಿ ಖಾಲಿ ಹಿಂಡಿ ಚೀಲಗಳಿದ್ದವು. ಹಸುವಿಗೆ ತರುವ ಹಿಂಡಿ ಮುಗಿದ ಮೇಲೆ ಚೀಲವನ್ನು ಈ ಕಡೆ ಯಾರೂ ಎಸೆಯುವುದಿಲ್ಲ. ಸೊಪ್ಪು ತರಲು ಅದೇ, ಮಳೆಗೆ ತಲೆಯ ಮೇಲೆ ಕೊಪ್ಪೆ ಹಾಕಲು ಅದೇ, ಬಾಗಿಲಲ್ಲಿ ಕಾಲೊರಸಲು ಅದೇ. ಹರಿಯದು, ಸೋರದು. ಒಳ್ಳೆಯದೊಂದನ್ನು ಆರಿಸಿ, ಸೀಗೆಪುಡಿ ಹಾಕಿ ಉಜ್ಜಿ ತೊಳೆದು, ಬಿಸಿಲಲ್ಲಿ ಒಣಗಿಸಿ, ಮೂಲೆಯಿಂದ ಬೇಕಾದಷ್ಟು ಕತ್ತರಿಸಿ, ಪುಟ್ಟ ಚೀಲ ಹೊಲಿದಳು. ಅದರಲ್ಲಿ ಸಾಸಿವೆ ತುಂಬಿ ಬಾಯಿ ಹೊಲಿದಳು. ಸಾಗರದಲ್ಲಿ ಕೊರಿಯರ್ ಅಂಗಡಿಯವನ ಕೈಗೆ ಕೊಡುವಾಗಲೂ, “ಒದ್ದೆ ಜಾಗದಲ್ಲಿ ಇಡ್ಬೇಡಿ, ಮಡಿದು,” ಎಂದು ಎಚ್ಚರಿಸಿ ಬಂದಳು.

ವರದಿ ಫೋನಿಗೇ ಬಂತು. ಕುಲಾಂತರಿ ಅಂಶ ಪತ್ತೆಯಾಗಿದೆ.

ಮನೋರಮಾ ಅದನ್ನು ಹಿಂದೆ ಮುಂದೆ ಓದಿದಳು. ಎಲ್ಲಿಂದ ಓದಿದರೂ ಪತ್ತೆಯಾಗಿತ್ತು. ದೇಶದಲ್ಲೇ ಇಲ್ಲ ಎಂದು ತೀರ್ಥಹಳ್ಳಿಯ ಅಧಿಕಾರಿ ಹೇಳಿದ ಸಾಸಿವೆ ತನ್ನ ಡ್ರಮ್ಮುಗಳಿಗೆ ಹೇಗೆ ಬಂತು? ತಂದದ್ದು ಸಾಗರದ ಶಿವಮೂರ್ತಿಯ ದಿನಸಿ ಅಂಗಡಿಯಿಂದ. ಅವನ ಅಪ್ಪನ ಕಾಲದಿಂದಲೂ ಈ ಮನೆಗೆ ಸಾಮಾನು ಅಲ್ಲಿಂದಲೇ. ತಲೆ ಕೆಟ್ಟುಹೋಗಿದ್ದ ಮನೋರಮಾ ಹಿಂದುಮುಂದು ನೋಡದೆ ಅವನಿಗೆ ಫೋನು ಹಚ್ಚಿದಳು.

“ಎಂಥ ಸಾಸಿವೆ ಮಾರ್ತಾ ಇದೀರಿ ಶಿವಮೂರ್ತಿ? ಕುಲಾಂತರಿ ಅಂತ ಬಂತಲ್ಲ! ನಿಮ್ಮನ್ನ ನಂಬಿ ನಾನು ಮುಳುಗ್ದೆ. ಊರವರ ಅನ್ನಕ್ಕೆ ಕಲ್ಲು ಹಾಕಿದ್ರಿ.”

ಶಿವಮೂರ್ತಿ ಗಾಬರಿಯಾಗಿ ತಡವರಿಸಿದ. ಎಲ್ಲ ಅಂಗಡಿಗೂ ಬರುವ ಸಾಸಿವೆಯೇ ಅಮ್ಮ ಅದು, ನಾನೂ ಮನೆಗೆ ಅದನ್ನೇ ಒಯ್ಯುವುದು ಎಂದ. ಅವಳು ಕೇಳಲಿಲ್ಲ. ಕೊನೆಗೆ ಅವನು ಸಣ್ಣ ದನಿಯಲ್ಲಿ, “ಆ ಮಾಲಿನ ಒಂದು ಮೂಟೆ ಇನ್ನೂ ಬಾಯಿ ಬಿಚ್ಚದ್ದು ಇದೆ ಅಮ್ಮ. ನೀವು ಇಷ್ಟು ಹೇಳಿದ ಮೇಲೆ ಅದ್ರಲ್ಲಿ ಒಂದು ಕಾಳೂ ಮಾರಲ್ಲ,” ಎಂದು ಫೋನಿಟ್ಟ.

ಪಕ್ಕದಲ್ಲಿ ನಿಂತು ಎಲ್ಲ ಕೇಳಿಸಿಕೊಂಡ ರಂಗಮ್ಮನಿಗೆ ಕುಲಾಂತರಿ ಗಿಲಾಂತರಿ ಅರ್ಥವಾಗದಿದ್ದರೂ ಅಪರಾಧಿ ಯಾರೆಂದು ಅರ್ಥವಾಯಿತು. “ಅವ್ನ ಅಂಗಡಿ ಹಾಳಾಗ,” ಎಂದು ಸೆರಗು ಕೊಡವಿದಳು. ಮುಂದಿನ ಸಂತೆಯ ಹೊತ್ತಿಗೆ ಶಿವಮೂರ್ತಿಯ ಸಾಸಿವೆ ಕೆಟ್ಟದ್ದು ಎಂಬ ಸುದ್ದಿ ರಿಪ್ಪನ್‌ಪೇಟೆಗೆಲ್ಲ ಹಬ್ಬಿತು.

ವರದಿ ಬಂದ ಮರುದಿನವೇ ಮನೋರಮಾ ಲ್ಯಾಬಿಗೆ ಫೋನು ಮಾಡಿದಳು. ಜಗಳಕ್ಕೆಂದೇ ಮಾಡಿದ್ದು. ಅಲ್ಲಿಯ ಹುಡುಗಿ ಶಾಂತವಾಗಿ ಕೇಳಿಸಿಕೊಂಡು, “ಮೇಡಂ, ನಮಗೂ ಆಶ್ಚರ್ಯ ಆಗಿ ಇನ್ನೊಂದು ಸಲ ನೋಡಿದ್ವಿ. ಅದು ಸಾಸಿವೆದಲ್ಲ, ಹತ್ತಿದು. ಸಾಸಿವೆ ಜೊತೆ ಹತ್ತಿ ಏನಾದ್ರೂ ಇತ್ತಾ?” ಎಂದಳು.

“ಹತ್ತಿಯಾ? ಹಾಗಾದ್ರೆ ಸಾಸಿವೆ ಸರಿ ಇದೆ ಅಂತ ಬರ್ದು ಕೊಡಿ!”

“ನಮಗೆ ಬಂದ ಸ್ಯಾಂಪಲ್ಲಲ್ಲಿ ಏನಿತ್ತೋ ಅದನ್ನೇ ಬರೆಯೋದು ಮೇಡಂ. ಪತ್ತೆ ಅಂದ್ರೆ ಪತ್ತೆ.”

ಹತ್ತಿ ಎಲ್ಲಿಂದ ಬರಬೇಕು? ಅವಳಿಗೆ ಮೊದಲು ನೆನಪಾದದ್ದು ದೇವರ ದೀಪಕ್ಕೆ ಬತ್ತಿ ಹೊಸೆಯುವ ಹತ್ತಿ. ಆದರೆ ಅದು ಸಾಸಿವೆಯ ಹತ್ತಿರ ಸುಳಿದದ್ದೇ ಇಲ್ಲ. ಇಡೀ ದಿನ ಮನೆಯ ಮೂಲೆ ಮೂಲೆ ಹುಡುಕಿ ಬೇಸತ್ತಳು. ಸಂಜೆ ಹಾಲು ಕರೆಯುವ ಹೊತ್ತಾಯಿತು. ಹಸು ಗೌರಿಗೆ ಕಲಸಿ ಇಡಲು ಹಿಂಡಿಯ ಚೀಲಕ್ಕೆ ಕೈ ಹಾಕಿದವಳು ಹಾಗೆಯೇ ನಿಂತಳು. ಚೀಲದ ಮೇಲೆ ದೊಡ್ಡದಾಗಿ ಒಡೆದ ಹತ್ತಿಕಾಯಿಯ ಚಿತ್ರ. ಹತ್ತಿಬೀಜದ ಹಿಂಡಿ. ಇಷ್ಟು ವರ್ಷ ದಿನಾ ಎರಡು ಹೊತ್ತು ಕಂಡ ಚಿತ್ರ ಅದು.

ಅಟ್ಟದಿಂದ ಆ ಕತ್ತರಿಸಿದ ಚೀಲವನ್ನು ಎಳೆದು ತಂದು ಬಾಗಿಲ ಬೆಳಕಿಗೆ ಹಿಡಿದಳು. ಮಡಿಸಿ ಹೊಲಿದ ಅಂಚನ್ನು ಉಗುರಿನಿಂದ ಬಿಡಿಸಿದಾಗ ಸಂದಿನಲ್ಲಿ ಕಂದು ಪುಡಿ ಕೂತಿತ್ತು. ಸೀಗೆಪುಡಿಗೆ ಅದು ಬಿಟ್ಟಿರಲಿಲ್ಲ, ಬಿಸಿಲಿಗೂ ಹೋಗಿರಲಿಲ್ಲ.

ಮನೋರಮಾ ಗೌರಿಯ ಮುಂದೆ ಕೂತುಬಿಟ್ಟಳು. ದೇಶದಲ್ಲಿರುವುದು ಕುಲಾಂತರಿ ಹತ್ತಿ ಒಂದೇ. ಅದರ ಹಿಂಡಿಯನ್ನು ಈ ಹಸು ದಿನಾ ತಿನ್ನುತ್ತಿದೆ, ಊರಿನ ಹಸುಗಳೆಲ್ಲ ತಿನ್ನುತ್ತಿವೆ. ಗೌರಿಯ ಹಾಲಿನ ಕಾಫಿಯನ್ನು ತಾನು ಕುಡಿಯುತ್ತೇನೆ, ಡೈರಿಗೆ ಹಾಕಿದ ಹಾಲನ್ನು ಆ ಗುಮಾಸ್ತನೂ ಕುಡಿಯುತ್ತಾನೆ. ಅದರಿಂದ ಯಾರಿಗೂ ಏನೂ ಆದದ್ದು ಅವಳಿಗೆ ಗೊತ್ತಿರಲಿಲ್ಲ. ಆದರೆ ಯಾರೂ ಯಾವತ್ತೂ ಅದಕ್ಕೊಂದು ಪತ್ರ ಕೇಳಿರಲಿಲ್ಲ. ಮಣಗಟ್ಟಲೆ ಹಿಂಡಿ ಸಾಗಿಬರುವಾಗ ಇಲ್ಲದ ಕಾನೂನು, ಅದರ ಒಂದು ಚಿಟಿಕೆ ಪುಡಿ ಸಾಸಿವೆಗೆ ತಾಗಿದ್ದಕ್ಕೆ ಎದ್ದು ನಿಂತಿದೆ! ಅವಳಿಗೆ ಅಳಬೇಕೋ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

ಅದಕ್ಕಿಂತ ಹೆಚ್ಚು ಉರಿದದ್ದು ಇನ್ನೊಂದು. ಮಡಿ ಮಡಿ ಎಂದು ಊರಿಗೆಲ್ಲ ಪಾಠ ಹೇಳಿದವಳು ತಾನು. ಕೆಡಿಸಿದವಳೂ ತಾನೇ.

ಅಷ್ಟರಲ್ಲಿ ರಂಗಮ್ಮ ಹಾಲಿಗೆಂದು ತಂಬಿಗೆ ಹಿಡಿದು ಬಂದಳು. “ಆ ಶಿವಮೂರ್ತಿ ಮತ್ತೆ ಫೋನ್ ಮಾಡಿದ್ನಾ? ಯಾವ ಬಾಯಲ್ಲಿ ಮಾಡ್ತಾನೆ ಬಿಡಿ. ಅಪ್ಪನ ಹೆಸ್ರು ಕಳ್ದ,” ಎಂದಳು.

ಇಲ್ಲ ರಂಗಮ್ಮ, ಅವನ ತಪ್ಪಲ್ಲ ಎಂದು ಹೇಳಬೇಕಾಗಿತ್ತು. ಸೌಟು ಒದ್ದೆ ಎಂದು ಇದೇ ರಂಗಮ್ಮನನ್ನು ಎಲ್ಲರೆದುರು ಹೊರಗೆ ನಿಲ್ಲಿಸಿದ್ದು ನೆನಪಾಯಿತು.

“ಹ್ಞೂಂ,” ಎಂದಳು ಮನೋರಮಾ. ಚೀಲವನ್ನು ಮಡಿಸಿ ಹಿಂದಕ್ಕೆ ಸರಿಸಿದಳು.

ಗಂಡನಿಗೂ ಹೇಳಲಿಲ್ಲ. ನಾಳೆ ಶಿವಮೂರ್ತಿಗೆ ಫೋನು ಮಾಡಿದರಾಯಿತು ಎಂದುಕೊಂಡಳು. ನಾಳೆ ಬಂದಾಗ, ಇನ್ನೊಂದು ಪರೀಕ್ಷೆ ಆಗಿ ಒಳ್ಳೆಯ ವರದಿ ಬಂದುಬಿಟ್ಟರೆ ಎಲ್ಲ ತಾನಾಗಿಯೇ ಸರಿಹೋಗುತ್ತದಲ್ಲ, ಆಗ ಚೀಲದ ಮಾತೇ ಎತ್ತಬೇಕಾಗಿಲ್ಲ ಎನಿಸಿತು. ಕೃಷ್ಣಪ್ರಸಾದನಿಗೆ ಗೋಗರೆದಳು. ಅವನು ಯುರೋಪಿನವರನ್ನು ಕೇಳಿ, ಒಂದೇ ಒಂದು ಅವಕಾಶ ಇದೆ ಎಂದ. ಅದೇ ಮಾಲಿನ ಸಾಸಿವೆ ಆಗಬೇಕು, ಸರಕಾರಿ ಅಧಿಕಾರಿಯೇ ಬಂದು ತೆಗೆದು ಸೀಲು ಮಾಡಬೇಕು. ಈ ತಿಂಗಳು ದಾಟಿದರೆ ಅವರು ಬೇರೆ ಕಡೆ ನೋಡಿಕೊಳ್ಳುತ್ತಾರೆ.

ಅಧಿಕಾರಿಯನ್ನು ಮನೆಯವರೆಗೆ ತರುವುದು ಇನ್ನೊಂದು ಅಲೆದಾಟ. ಆಹಾರ ಸುರಕ್ಷತೆಗೆಂದು ಹೊಸದಾಗಿ ಬಂದ ಅಪೇಕ್ಷಾ ಎಂಬ ಹುಡುಗಿಗೆ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕು. ಒಂದು ವಾರ ಮೀಟಿಂಗು, ಇನ್ನೊಂದು ವಾರ ಜೀಪಿಲ್ಲ, ಮತ್ತೊಂದು ವಾರ ಆಗುಂಬೆ ಕಡೆ ಹೋಟೆಲುಗಳ ತಪಾಸಣೆ. ಮನೋರಮಾ ದಿನಾ ಫೋನು ಮಾಡಿದಳು. ಅಪೇಕ್ಷಾ ಪಾಪ, ದಿನಾ ಉತ್ತರ ಕೊಟ್ಟಳು. ತಿಂಗಳು ಮುಗಿಯುತ್ತ ಬಂದಾಗ ಒಂದು ಬೆಳಗ್ಗೆ ಜೀಪು ಅಂಗಳಕ್ಕೆ ಬಂದೇಬಿಟ್ಟಿತು.

ಮನೋರಮಾ ಎಲ್ಲ ಸಿದ್ಧ ಮಾಡಿಟ್ಟಿದ್ದಳು. ಮೊದಲ ಪರೀಕ್ಷೆಗೆ ಕಳಿಸಿ ಉಳಿದಿದ್ದ ಸಾಸಿವೆಯನ್ನು ಹೊಸ ಸ್ಟೀಲ್ ಡಬ್ಬದಲ್ಲಿ ಹಾಕಿ, ಕೊಟ್ಟಿಗೆಯ ಗಾಳಿಯೂ ತಾಗದಂತೆ ನಡುಮನೆಯ ಕಪಾಟಿನಲ್ಲಿ ಬೀಗ ಹಾಕಿದ್ದಳು. ಈಗ ತಂದು ಜಗಲಿಯಲ್ಲಿಟ್ಟಳು. ಅಪೇಕ್ಷಾ ಸೀಲು, ಅರಗು, ಹೊಸ ಕವರುಗಳನ್ನೆಲ್ಲ ಹೊರಗೆ ತೆಗೆದಳು. ಎಲ್ಲ ಕ್ರಮಪ್ರಕಾರ ನಡೆಯುತ್ತಿರುವುದನ್ನು ಕಂಡು ಮನೋರಮಾಗೆ ಎಷ್ಟೋ ದಿನಗಳ ಮೇಲೆ ಉಸಿರು ಹಗುರವಾಯಿತು.

“ಕೂತ್ಕೊಳಿ ಮೇಡಂ, ಒಂದು ಕಾಫಿ ತರ್ತೀನಿ,” ಎಂದು ಒಳಗೆ ಹೋದಳು. ರಂಗಮ್ಮ ಜಗಲಿಯಲ್ಲೇ ಇದ್ದಳು.

ಹಾಲು ಉಕ್ಕಿ ಬಂತು. ಹೊರಗೆ ಅಪೇಕ್ಷಾ ಏನೋ ಕೇಳುತ್ತಿದ್ದದ್ದೂ, ರಂಗಮ್ಮ “ಇದೆ ಇದೆ, ತರ್ತೀನಿ,” ಎಂದು ಅಂಗಳಕ್ಕೆ ಇಳಿದದ್ದೂ ಕಿವಿಗೆ ಬಿದ್ದವು. ಕಾಫಿಯ ಲೋಟಗಳನ್ನು ಹಿಡಿದು ಮನೋರಮಾ ಹೊಸಿಲಿಗೆ ಬಂದು ನೋಡಿದರೆ, ಜಗಲಿಯ ನೆಲದ ಮೇಲೆ ಸೀಳಿ ಬಿಡಿಸಿದ ಹಿಂಡಿ ಚೀಲ ಹಾಸಿತ್ತು. ಸ್ಟೀಲ್ ಡಬ್ಬ ಖಾಲಿಯಾಗಿ ಬದಿಗೆ ಉರುಳಿತ್ತು. ಸಾಸಿವೆಯೆಲ್ಲ ಒಡೆದ ಹತ್ತಿಕಾಯಿಯ ಚಿತ್ರದ ಮೇಲೆ ರಾಶಿ ಬಿದ್ದಿತ್ತು. ರಂಗಮ್ಮ ಅದನ್ನು ಎರಡೂ ಕೈಯಿಂದ ಹರಡುತ್ತಿದ್ದಳು.

“ಕೆಳಗಿನ ಕಾಳು ಮೇಲಿನ ಕಾಳು ಬೆರೆಸಿ ತೆಗೀಬೇಕು, ಹರಡೋಕೆ ಏನಾದ್ರೂ ಕೊಡಿ ಅಂದ್ರು,” ಎಂದಳು ರಂಗಮ್ಮ ಹೆಮ್ಮೆಯಿಂದ. “ಹೆದರಬೇಡಿ ಮನೋರಮಕ್ಕ. ಸೀಗೆಪುಡಿ ಹಾಕಿ ನಾನೇ ತೊಳ್ದು, ಬಿಸ್ಲಿಗೆ ಒಣಗ್ಸಿದ್ದು. ಯಾರೂ ಮುಟ್ಟಿಲ್ಲ. ಮಡಿ ಅಂದ್ರೆ ಮಡಿ.”

ಅಪೇಕ್ಷಾ ಚಮಚ ಹಿಡಿದು ಬಗ್ಗಿದ್ದಳು. ಸುಮ್ಮನಿದ್ದರೆ ಈ ಸಾಸಿವೆ ಸೀಲಾಗಿ ಹೋಗುತ್ತದೆ, ಅದೇ ವರದಿ ಮತ್ತೆ ಬರುತ್ತದೆ, ಡ್ರಮ್ಮುಗಳು ಇಲ್ಲೇ ಕೂತಿರುತ್ತವೆ. ಬೇಡ ಎಂದರೆ ಏಕೆ ಬೇಡ ಎಂದು ಹೇಳಬೇಕು, ರಂಗಮ್ಮನ ಮುಖ ನೋಡಿಕೊಂಡು ಹೇಳಬೇಕು.

“ತೆಗೀಬೇಡಿ ಮೇಡಂ,” ಎಂದಳು. “ಆ ಚೀಲ ಹತ್ತಿ ಹಿಂಡಿದು. ಮೊದಲ್ನೇ ಸಲ ಕೆಟ್ಟದ್ದೂ ಅದ್ರಿಂದ್ಲೇ. ನಾನು ಸಾಸಿವೆ ಕಳ್ಸಿದ್ದು ಹಿಂಡಿ ಚೀಲ ಕತ್ತರಿಸಿ ಹೊಲ್ದು.”

ಅಪೇಕ್ಷಾ ಚಮಚ ಕೆಳಗಿಟ್ಟಳು. ಗಣೇಶಮೂರ್ತಿ ಬಾಗಿಲಲ್ಲಿ ಬಂದು ನಿಂತಿದ್ದ, “ಯಾವಾಗ ಗೊತ್ತಾತು ನಿಂಗೆ?” ಎಂದ. ಅವಳು ಲೋಟಗಳನ್ನು ಹೊಸಿಲ ಮೇಲಿಟ್ಟಳು. ರಂಗಮ್ಮನ ಕೈ ಸಾಸಿವೆಯ ಮೇಲೆಯೇ ನಿಂತಿತ್ತು.

“ಹಂಗಾರೆ ಶಿವಮೂರ್ತಿ ಸಾಸಿವೆ ಸರಿ ಇತ್ತಾ?”

“ಸರಿ ಇತ್ತು ರಂಗಮ್ಮ.”

“ನಾನು ಸಂತೇಲಿ ನಿಂತು ಅವ್ನಿಗೆ ಶಾಪ ಹಾಕಿದ್ನಲ್ಲ ಮನೋರಮಕ್ಕ. ನಿಮ್ಮೆದುರೂ ಬೈದೆ, ನೀವು ಹ್ಞೂಂ ಅಂದ್ರಿ.”

ಅಪೇಕ್ಷಾ ಎದ್ದು ಕೈ ಕೊಡವಿಕೊಂಡಳು. ಇದನ್ನು ಸೀಲು ಮಾಡಿ ಪ್ರಯೋಜನವಿಲ್ಲ, ಅದೇ ಮಾಲಿನ ಬಾಯಿ ಬಿಚ್ಚದ ಮೂಟೆ ಎಲ್ಲಾದರೂ ಇದ್ದರೆ ಇವತ್ತೇ ಅಲ್ಲಿಂದ ತೆಗೆಯಬಹುದು, ನಾಳೆಯಿಂದ ತಾನು ತರಬೇತಿಗೆ ಹೋಗುತ್ತೇನೆ ಎಂದಳು.

ಇತ್ತು. ಇದ್ದದ್ದು ಒಂದೇ ಕಡೆ.

“ಆದ್ರೂ ಒಂದು ಕೇಳ್ಲಾ ಮೇಡಂ?” ಎಂದಳು ಮನೋರಮಾ ಜೀಪು ಹತ್ತುವ ಮುಂಚೆ, ತಡೆಯಲಾಗದೆ. “ಈ ಹಿಂಡಿ ತಿಂದ ಹಸುವಿನ ಹಾಲು ಈಗಷ್ಟೇ ನಿಮ್ಮ ಕಾಫಿಗೆ ಹಾಕಿದ್ದು. ಅದಕ್ಕೆ ಪತ್ರ ಬೇಡ್ವಾ?”

“ಹಾಲು ನಮ್ಮ ಇಲಾಖೆದು ಮೇಡಂ,” ಎಂದಳು ಅಪೇಕ್ಷಾ. ಜೀಪಿನ ಬಾಗಿಲು ತೆಗೆಯುತ್ತ, “ಹಿಂಡಿ ಯಾರದ್ದು ಅಂತ ನಿಜವಾಗ್ಲೂ ನಂಗೂ ಗೊತ್ತಿಲ್ಲ,” ಎಂದಳು.

ರಂಗಮ್ಮನೂ ಜೀಪು ಹತ್ತಿದಳು. ಯಾರೂ ಕರೆದಿರಲಿಲ್ಲ, ಬೇಡ ಎನ್ನುವ ಧೈರ್ಯವೂ ಯಾರಿಗೂ ಇರಲಿಲ್ಲ. ಸಾಗರದವರೆಗೆ ಅವಳು ಕಿಟಕಿಯ ಆಚೆ ನೋಡುತ್ತ ಕೂತಿದ್ದಳು. ಪೇಟೆಯಲ್ಲಿ ಜೀಪು ನಿಂತಾಗ, “ನೀವು ಹೋಗ್ಬನ್ನಿ. ನಂಗೆ ಅವ್ನ ಮುಖ ನೋಡಕ್ಕಾಗಲ್ಲ,” ಎಂದಳು.

ಶಿವಮೂರ್ತಿಯ ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಮನೋರಮಾಳನ್ನು ಕಂಡು ಅವನು ಗಡಬಡಿಸಿ ಎದ್ದು, ಕುರ್ಚಿಯನ್ನು ಟವೆಲಿನಿಂದ ಒರೆಸಿದ. ಆ ಕುರ್ಚಿಯಲ್ಲಿ ಕೂರಲು ಅವಳಿಗೆ ಮುಖವಿರಲಿಲ್ಲ. ನಿಂತೇ ಹೇಳಿದಳು.

“ತಪ್ಪು ನನ್ನದು ಶಿವಮೂರ್ತಿ. ನಿಮ್ಮ ಸಾಸಿವೆ ಚೆನ್ನಾಗೇ ಇತ್ತು. ನನ್ನ ಚೀಲದಿಂದ ಕೆಟ್ಟದ್ದು. ಅವತ್ತು ಬಾಯಿಗೆ ಬಂದ ಹಾಗೆ ಅಂದೆ. ಆಮೇಲೆ ಗೊತ್ತಾದ್ರೂ ಹೇಳ್ಲಿಲ್ಲ.”

ಶಿವಮೂರ್ತಿ ಟವೆಲನ್ನು ಹೆಗಲಿಗೆ ಹಾಕಿಕೊಂಡ.

“ಸಾಕು ಬಿಡಿ ಅಮ್ಮ. ಸರಿ ಇತ್ತು ಅಂದ್ರಲ್ಲ, ಅಷ್ಟು ಸಾಕು,” ಎಂದ.

“ಆ ಬಾಯಿ ಬಿಚ್ಚದ ಮೂಟೆ ಇದೆ ಅಂದಿದ್ರಲ್ಲ. ಅದು ಬೇಕಿತ್ತು. ಮೇಡಂ ಅದ್ರಿಂದ ಸ್ಯಾಂಪಲ್ ತೆಗೀತಾರೆ.”

ಅವನು ಅಪೇಕ್ಷಾಳನ್ನು ನೋಡಿದ, ಮನೋರಮಾಳನ್ನು ನೋಡಿದ.

“ಇಲ್ಲವಲ್ಲ ಅಮ್ಮ.”

“ಮಾರಿದ್ರಾ?”

“ನೀವು ಹಾಗಂದ ಮೇಲೆ ಮಾರ್ತೀನಾ? ಜನ ತಿನ್ನೋ ಸಾಮಾನು. ಅಗೋ ಅಲ್ಲೇ ಮೂಲೇಲಿ ಬೇರೆ ಇಟ್ಟಿದ್ದೆ. ಮೊನ್ನೆ ದನದ ಹಿಂಡಿ ಮಾಡೋರು ಬಂದಿದ್ರು. ಕುಲಾಂತರಿಯಂತೆ, ಜನಕ್ಕಾಗಲ್ಲ ಅಂತ ಹೇಳ್ದೆ. ದನಕ್ಕೆ ತಾನೇ, ಅದಕ್ಕೆ ಯಾರು ಕೇಳ್ತಾರೆ ಅಂತ ನಕ್ಕು ಹೊತ್ಕೊಂಡು ಹೋದ್ರು.”

ಮೂಲೆಯಲ್ಲಿ ಮೂಟೆ ಇದ್ದ ಜಾಗ ಖಾಲಿ ಇತ್ತು. ಅಪೇಕ್ಷಾ ಅರಗು, ಸೀಲುಗಳನ್ನು ಒಂದೊಂದಾಗಿ ಬ್ಯಾಗಿಗೆ ಹಾಕತೊಡಗಿದಳು. ಮೊನ್ನೆ ಎಂದ. ಮೊನ್ನೆಯವರೆಗೂ ಅದು ಇಲ್ಲೇ ಇತ್ತು.

“ಒಂದು ಫೋನ್ ಮಾಡಿದ್ರೆ ಇಟ್ಕೋತಿದ್ದೆ ಅಮ್ಮ,” ಎಂದ ಶಿವಮೂರ್ತಿ. ಅವನ ಮಾತಿನಲ್ಲಿ ಆಕ್ಷೇಪಣೆ ಇರಲಿಲ್ಲ, ನಿಜವಾದ ಮರುಕವಿತ್ತು. ಅದನ್ನೇ ಅವಳಿಗೆ ತಡೆಯಲಾಗಲಿಲ್ಲ.

ಅವಳು ಅಂಗಡಿಯ ಮೆಟ್ಟಿಲಿಗೆ ಬಂದಳು. ರಂಗಮ್ಮ ಜೀಪಿನಿಂದ ಇಳಿದು, ಸೆರಗಿನಲ್ಲಿ ಮುಖ ಒರೆಸಿಕೊಂಡು, ಇತ್ತಲೇ ನೋಡುತ್ತ ನಿಂತಿದ್ದಳು. ಅವಳ ಸಿಟ್ಟು ಇಳಿದಿತ್ತು, ಕಣ್ಣಲ್ಲಿ ಮತ್ತೆ ಆಸೆ ಬಂದಿತ್ತು.

“ಸಿಕ್ತಾ ಮನೋರಮಕ್ಕ?” ಎಂದು ಕೇಳಿದಳು.